ಕುಡಿತದಲ್ಲಿ ಸುಖವೇ ಉಳಿದಿಲ್ಲ ಎನ್ನುವವರೂ ಅದನ್ನು ಏಕೆ ಬಿಡಲಾರರು?

ತುಂಗೆಯ ದಡ

ನಮ್ಮ ದೊಡ್ಡಣ್ಣನ ಕುಡಿತ ಮನೆಯವರಿಗೆಲ್ಲ ಹಳೆಯ ಸಂಗತಿ. ಆದರೆ ಈಚೆಗೆ ಅವನು ತಾನಾಗಿಯೇ ಆಡಿದ ಮಾತೊಂದು ನನ್ನನ್ನು ಬಿಡದೆ ಕಾಡುತ್ತಿದೆ. ಮೊದಮೊದಲು ಕುಡಿದರೆ ಹಿತವೆನಿಸುತ್ತಿತ್ತು, ಈಗ ಹಿತವೆಂಬುದೇನೂ ಇಲ್ಲ, ಆದರೂ ಸಂಜೆಯಾಯಿತೆಂದರೆ ಕುಡಿಯದೆ ಇರಲು ಆಗುವುದಿಲ್ಲ ಎಂದು ಹೇಳಿದ. ಮದ್ಯವು ಮಿದುಳಿನಲ್ಲಿ ಡೋಪಮೈನ್ ಎಂಬ ಸುಖದ ರಾಸಾಯನಿಕವನ್ನು ಹೆಚ್ಚಿಸುತ್ತದೆ, ಆ ಸುಖಕ್ಕಾಗಿ ಮನುಷ್ಯ ಮತ್ತೆ ಮತ್ತೆ ಕುಡಿಯುತ್ತಾನೆ ಎಂದು ಪತ್ರಿಕೆಗಳಲ್ಲಿ ಓದಿದ್ದೇನೆ. ಸುಖವೇ ಇಲ್ಲವಾದ ಮೇಲೆ ಆ ವಿವರಣೆ ಹೇಗೆ ನಿಲ್ಲುತ್ತದೆ?

ಇನ್ನೊಂದು ಪ್ರಶ್ನೆಯೂ ಇದೆ. ಒಂದೊಂದು ಪೆಗ್‌ಗೂ ಮಿದುಳಿನ ಸಾವಿರಾರು ಜೀವಕೋಶಗಳು ಸಾಯುತ್ತವೆ ಎಂದು ನಮ್ಮ ಬಂಧುಗಳೊಬ್ಬರು ಅವನ ಎದುರಿಗೇ ಹೇಳಿದರು. ಅದನ್ನು ಕೇಳಿ ಅವನು, ಹಾಗಾದರೆ ನನ್ನ ಮಿದುಳು ಈಗಾಗಲೇ ಮುಗಿದಿದೆ, ಇನ್ನು ಬಿಟ್ಟು ಏನು ಪ್ರಯೋಜನ ಎಂದುಬಿಟ್ಟ. ಇದು ನಿಜವೇ? ಬಲ್ಲವರು ತಿಳಿಸಬೇಕು.

ನಿವೃತ್ತ ಮೇಷ್ಟ್ರು

ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವನು. ನರಕೋಶಗಳು ಸಾಯುವುದು ನಿಜ, ಸತ್ತವು ಮತ್ತೆ ಹುಟ್ಟುವುದಿಲ್ಲ ಎಂಬುದೂ ನಿಜ. ಅದನ್ನು ಮುಚ್ಚಿಟ್ಟು ಅವರಿಗೆ ಸಮಾಧಾನ ಹೇಳುವುದರಿಂದ ಉಪಕಾರವಾಗುವುದಿಲ್ಲ ತಂಗಿ. ಭಯವಿದ್ದರೆ ತಾನೇ ಬಿಡುತ್ತಾರೆ.

ನರಲೋಕ

ಮೇಷ್ಟ್ರೇ, ಈ ಒಂದು ಮಾತನ್ನು ಒಪ್ಪಲಾರೆ. ನಾನು ನರವಿಜ್ಞಾನದ ಸಂಶೋಧನಾ ವಿದ್ಯಾರ್ಥಿ, ಇದೇ ನನ್ನ ಓದಿನ ವಿಷಯ. ಪೆಗ್ ಒಂದಕ್ಕೆ ಇಷ್ಟು ಕೋಶ ಎಂಬ ಲೆಕ್ಕಕ್ಕೆ ಯಾವ ಆಧಾರವೂ ಇಲ್ಲ. 1993ರಲ್ಲಿ ಡೆನ್ಮಾರ್ಕಿನ ಜೆನ್ಸನ್ ಮತ್ತು ಪಾಕೆನ್‌ಬರ್ಗ್ ಎಂಬ ಸಂಶೋಧಕರು ದೀರ್ಘಕಾಲ ಕುಡಿದು ತೀರಿಕೊಂಡವರ ಮಿದುಳುಗಳನ್ನೂ ಕುಡಿತವಿಲ್ಲದವರ ಮಿದುಳುಗಳನ್ನೂ ಕ್ರಮಬದ್ಧವಾಗಿ ಎಣಿಸಿ ನೋಡಿದರು. ಮಿದುಳಿನ ಹೊರಪದರದಲ್ಲಿರುವ ಒಟ್ಟು ನರಕೋಶಗಳ ಸಂಖ್ಯೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕುಗ್ಗಿದ್ದು ಕೋಶಗಳನ್ನು ಒಂದಕ್ಕೊಂದು ಜೋಡಿಸುವ ನರತಂತುಗಳಿರುವ ಬಿಳಿ ಭಾಗ. ಅದಕ್ಕೂ ಮುಂಚೆ ಆಸ್ಟ್ರೇಲಿಯಾದ ಹಾರ್ಪರ್ ಮತ್ತು ಸಂಗಡಿಗರು ಹಣೆಯ ಹಿಂದಿನ ಭಾಗವೊಂದರಲ್ಲಿ ನರಕೋಶಗಳು ಕಡಿಮೆಯಾಗಿದ್ದನ್ನು ತೋರಿಸಿದ್ದರು. ಆದ್ದರಿಂದ ಹಾನಿಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬಹುಪಾಲು ಕೋಶಗಳು ಬದುಕಿರುತ್ತವೆ, ಆದರೆ ಅವು ಕೆಲಸ ಮಾಡುವ ರೀತಿ ಬದಲಾಗಿರುತ್ತದೆ. ಸಹೋದರಿಯ ಅಣ್ಣನ ವಿಷಯದಲ್ಲಿ ಈ ಭೇದ ಬಹಳ ಮುಖ್ಯ, ಏಕೆಂದರೆ ಬದಲಾದದ್ದನ್ನು ಒಂದಷ್ಟು ಮಟ್ಟಿಗೆ ಮತ್ತೆ ಬದಲಾಯಿಸಬಹುದು.

ಹುಬ್ಬಳ್ಳಿ ಮನೋವೈದ್ಯ

ನರಲೋಕ ಅವರ ಮಾತಿಗೆ ಒಂದು ತಿದ್ದುಪಡಿ ಸೇರಿಸುತ್ತೇನೆ. ಕೋಶಗಳು ನಿಜವಾಗಿಯೂ ಸಾಯುವ ಒಂದು ಸಂದರ್ಭವಿದೆ. ಊಟ ಬಿಟ್ಟು ಕುಡಿಯುವವರಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವದ ಕೊರತೆಯಾಗುತ್ತದೆ. ಅದರಿಂದ ಬರುವ ವೆರ್ನಿಕೆ ಕಾಯಿಲೆಯಲ್ಲಿ ಕಣ್ಣುಗಳ ಚಲನೆ ತಪ್ಪುತ್ತದೆ, ನಡಿಗೆ ತೂರಾಡುತ್ತದೆ, ಮನಸ್ಸಿಗೆ ಗೊಂದಲ ಕವಿಯುತ್ತದೆ. ಅದನ್ನು ಕುಡಿತದ ಅಮಲೆಂದೇ ಭಾವಿಸಿ ಮನೆಯವರು ಮಲಗಿಸಿಬಿಡುತ್ತಾರೆ. ಚಿಕಿತ್ಸೆ ತಡವಾದರೆ ಹೊಸ ನೆನಪುಗಳೇ ನಿಲ್ಲದ ಕೊರ್ಸಕೋವ್ ಸ್ಥಿತಿ ಉಳಿದುಬಿಡಬಹುದು. ಇಂಥವರಿಗೆ ಥಯಾಮಿನ್ ಕೊಡದೆ ಬರಿಯ ಗ್ಲೂಕೋಸ್ ಏರಿಸುವುದು ಅಪಾಯಕಾರಿ. ಬಿ1 ಇಂಜೆಕ್ಷನ್ ದುಬಾರಿಯೂ ಅಲ್ಲ, ಅಪರೂಪವೂ ಅಲ್ಲ.

ಬಯಲುಸೀಮೆ

ಎಲ್ಲ ಸರಿ, ಆದರೆ ಮೂಲ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಸುಖವಿಲ್ಲದಿದ್ದರೂ ಏಕೆ ಕುಡಿಯುತ್ತಾರೆ?

ನರಲೋಕ

ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ದಯವಿಟ್ಟು ಓದಿ.

ಮಿದುಳಿನ ನಡುಭಾಗದಲ್ಲಿ ವೆಂಟ್ರಲ್ ಟೆಗ್ಮೆಂಟಲ್ ಏರಿಯಾ ಎಂಬ ಪುಟ್ಟ ಪ್ರದೇಶವಿದೆ. ಚಿಕ್ಕದಾಗಿ ವಿಟಿಎ ಎನ್ನೋಣ. ಅಲ್ಲಿನ ನರಕೋಶಗಳು ತಮ್ಮ ಉದ್ದನೆಯ ತಂತುಗಳನ್ನು ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗಕ್ಕೂ ಹಣೆಯ ಹಿಂದಿನ ತೊಗಟೆಗೂ, ಅಂದರೆ ಮಿದುಳಿನ ಹೊರಪದರಕ್ಕೂ, ಚಾಚಿ ಅಲ್ಲಿ ಡೋಪಮೈನ್ ಬಿಡುಗಡೆ ಮಾಡುತ್ತವೆ. ಪ್ರತಿಫಲ ಮಾರ್ಗವೆಂದು ಕರೆಯುವುದು ಇದನ್ನೇ. ಇಂಥದೊಂದು ವ್ಯವಸ್ಥೆ ಮಿದುಳಿನಲ್ಲಿದೆ ಎಂಬುದಕ್ಕೆ ಮೊದಲ ಸುಳಿವು ಸಿಕ್ಕಿದ್ದು 1954ರಲ್ಲಿ, ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದಲ್ಲಿ. ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿನ ಕೆಲವು ಜಾಗಗಳಲ್ಲಿ ಸೂಕ್ಷ್ಮವಾದ ವಿದ್ಯುತ್ ತಂತಿಯನ್ನಿಟ್ಟಾಗ, ಆ ಇಲಿಗಳು ವಿದ್ಯುತ್ ಸ್ಪರ್ಶಕ್ಕಾಗಿ ಸನ್ನೆಕೋಲನ್ನು ಮತ್ತೆ ಮತ್ತೆ ಒತ್ತುತ್ತಲೇ ಇದ್ದವು.

ಮದ್ಯ ಈ ಮಾರ್ಗವನ್ನು ಹಲವು ಕಡೆಗಳಿಂದ ಮುಟ್ಟುತ್ತದೆ. ವಿಟಿಎಯ ಡೋಪಮೈನ್ ಕೋಶಗಳ ಪಕ್ಕದಲ್ಲೇ ಗಾಬಾ ಎಂಬ ಶಾಂತಗೊಳಿಸುವ ರಾಸಾಯನಿಕದಿಂದ ಅವುಗಳನ್ನು ತಡೆಹಿಡಿಯುವ ಗಾಬಾ ಕೋಶಗಳಿರುತ್ತವೆ. ಕುಡಿದಾಗ ಮಿದುಳಿನೊಳಗೇ ತಯಾರಾಗುವ ಎಂಡಾರ್ಫಿನ್‌ಗಳು, ಅಂದರೆ ಅಫೀಮನ್ನು ಹೋಲುವ ರಾಸಾಯನಿಕಗಳು ಹೊರಬಂದು ಆ ಗಾಬಾ ಕೋಶಗಳ ಬಾಯಿ ಕಟ್ಟುತ್ತವೆ. ತಡೆ ಸಡಿಲವಾದೊಡನೆ ಡೋಪಮೈನ್ ಕೋಶಗಳು ಹೆಚ್ಚು ವೇಗವಾಗಿ ಮಿಡಿಯತೊಡಗುತ್ತವೆ. ಇಷ್ಟು ಸಾಲದೆಂಬಂತೆ ಮದ್ಯ ಆ ಕೋಶಗಳನ್ನು ನೇರವಾಗಿಯೂ ಕೆರಳಿಸುತ್ತದೆ ಎಂದು ಪ್ರಯೋಗಗಳು ತೋರಿಸಿವೆ. 1988ರಲ್ಲಿ ಇಟಲಿಯ ಡಿ ಕಿಯಾರಾ ಮತ್ತು ಇಂಪೆರಾಟೊ ಇಲಿಗಳ ಅಕ್ಯುಂಬೆನ್ಸ್‌ನಿಂದ ದ್ರವ ತೆಗೆದು ಅಳೆದಾಗ, ಮನುಷ್ಯರು ಚಟ ಹತ್ತಿಸಿಕೊಳ್ಳುವ ವಸ್ತುಗಳೆಲ್ಲ, ಮದ್ಯವೂ ಸೇರಿ, ಅಲ್ಲಿ ಡೋಪಮೈನ್ ಪ್ರಮಾಣವನ್ನು ಹೆಚ್ಚಿಸುವುದು ಕಂಡಿತು.

ಪತ್ರಿಕೆಗಳ ವಿವರಣೆ ಎಡವುವುದು ಇಲ್ಲಿಂದ ಮುಂದೆ. ಡೋಪಮೈನನ್ನು ಸುಖದ ರಾಸಾಯನಿಕ ಎಂದು ಕರೆಯುವುದೇ ದಾರಿ ತಪ್ಪಿಸುವ ಮಾತು. ವೋಲ್ಫ್‌ರಾಮ್ ಶುಲ್ಟ್ಸ್ ಅವರು ಕೋತಿಗಳ ಡೋಪಮೈನ್ ಕೋಶಗಳ ಮಿಡಿತವನ್ನು ದಾಖಲಿಸಿದರು. ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕಾಗ ಕೋಶಗಳು ಮಿಡಿದವು. ರಸಕ್ಕೆ ಮುಂಚೆ ಪ್ರತಿ ಸಲವೂ ಒಂದು ಸೂಚನೆ ತೋರಿಸುತ್ತ ಹೋದರೆ, ಕೆಲಕಾಲದ ನಂತರ ರಸಕ್ಕೆ ಮಿಡಿಯುವುದು ನಿಂತು, ಸೂಚನೆ ಕಂಡೊಡನೆ ಮಿಡಿಯುವುದು ಶುರುವಾಯಿತು. ಸೂಚನೆ ಬಂದು ರಸ ಬಾರದೆ ಹೋದರೆ ಮಿಡಿತ ಸಹಜ ಮಟ್ಟಕ್ಕಿಂತಲೂ ಕೆಳಗಿಳಿಯಿತು. ಅಂದರೆ ಆ ಕೋಶಗಳು ಅಳೆಯುವುದು ನಿರೀಕ್ಷೆಗೂ ವಾಸ್ತವಕ್ಕೂ ಇರುವ ಅಂತರವನ್ನು. ಬೆರಿಡ್ಜ್ ಮತ್ತು ರಾಬಿನ್‌ಸನ್ 1993ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇಕೆನಿಸುವುದೂ ಹಿತವೆನಿಸುವುದೂ ಮಿದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳು, ಚಟದಲ್ಲಿ ಮೊದಲನೆಯದು ಬೆಳೆಯುತ್ತಲೇ ಹೋಗುತ್ತದೆ, ಎರಡನೆಯದು ಬೆಳೆಯುವುದಿಲ್ಲ ಎಂದು ವಾದಿಸಿದರು. ನಿಮ್ಮ ಅಣ್ಣ ಹೇಳಿದ್ದು ಅದನ್ನೇ. ಅವರು ತಮ್ಮ ಸ್ಥಿತಿಯನ್ನು ಬಹಳ ನಿಖರವಾಗಿ ಬಣ್ಣಿಸಿದ್ದಾರೆ.

ಹೊಸ ದಾರಿ

ನಾನು ಕುಡಿತ ಬಿಟ್ಟವನು. ನರಲೋಕ ಅವರು ಬರೆದದ್ದನ್ನು ಓದಿ ನನ್ನ ಬದುಕಿನ ಒಂದು ಭಾಗಕ್ಕೆ ಅರ್ಥ ಸಿಕ್ಕಿದಂತಾಯಿತು. ಕುಡಿಯುತ್ತಿದ್ದ ಕೊನೆಯ ವರ್ಷಗಳಲ್ಲಿ ನನಗೆ ಅತಿ ಹೆಚ್ಚು ಉತ್ಸಾಹ ಬರುತ್ತಿದ್ದದ್ದು ಕುಡಿಯುವಾಗ ಅಲ್ಲ, ಕೆಲಸ ಮುಗಿಸಿ ಅಂಗಡಿಯ ಕಡೆಗೆ ಹೆಜ್ಜೆ ಹಾಕುವಾಗ. ಮೊದಲ ಗುಟುಕು ಇಳಿದೊಡನೆ ಆ ಉತ್ಸಾಹ ಆರಿಹೋಗುತ್ತಿತ್ತು, ಉಳಿದದ್ದೆಲ್ಲ ಬರಿದೇ ಮುಗಿಸುವ ಕೆಲಸ. ಬಿಟ್ಟ ಮೇಲೂ ಬಹಳ ಕಾಲ ಆ ರಸ್ತೆಯಲ್ಲಿ ಹೋಗುವಾಗ ಬಾಯಲ್ಲಿ ನೀರೂರುತ್ತಿತ್ತು. ಕಡೆಗೆ ನಾನು ದಾರಿಯನ್ನೇ ಬದಲಾಯಿಸಿದೆ.

ಪುರಾವೆ ಕೊಡಿ

ಇಲಿ, ಕೋತಿಗಳ ಕತೆಯನ್ನು ಮನುಷ್ಯನಿಗೆ ನೇರವಾಗಿ ಅನ್ವಯಿಸುವುದು ಎಷ್ಟು ಸರಿ? ಇಲಿಗೆ ಸಾಲವಿಲ್ಲ, ಸಂಸಾರವಿಲ್ಲ, ಅವಮಾನವಿಲ್ಲ. ಮನುಷ್ಯ ಕುಡಿಯುವುದಕ್ಕೆ ಇರುವ ಕಾರಣಗಳನ್ನೆಲ್ಲ ಒಂದು ರಾಸಾಯನಿಕಕ್ಕೆ ಇಳಿಸುವುದನ್ನು ನಾನು ಒಪ್ಪುವುದಿಲ್ಲ.

ನರಲೋಕ

ನ್ಯಾಯವಾದ ಪ್ರಶ್ನೆ. ಮನುಷ್ಯರ ಮೇಲೂ ಅಧ್ಯಯನಗಳಾಗಿವೆ. ವಿಕಿರಣಶೀಲ ಗುರುತಿರುವ ವಸ್ತುವನ್ನು ರಕ್ತಕ್ಕೆ ಸೇರಿಸಿ ಪೆಟ್ ಸ್ಕ್ಯಾನ್ ಮಾಡಿದರೆ ಡೋಪಮೈನ್ ಬಿಡುಗಡೆಯನ್ನು ಪರೋಕ್ಷವಾಗಿ ಅಳೆಯಬಹುದು. 2003ರಲ್ಲಿ ಮಾಂಟ್ರಿಯಲ್‌ನ ತಂಡವೊಂದು ಆರೋಗ್ಯವಂತ ಸ್ವಯಂಸೇವಕರಿಗೆ ಮದ್ಯ ಕೊಟ್ಟು ಅಕ್ಯುಂಬೆನ್ಸ್ ಭಾಗದಲ್ಲಿ ಡೋಪಮೈನ್ ಬಿಡುಗಡೆಯಾಗುವುದನ್ನು ಹೀಗೆ ಗುರುತಿಸಿತು. 2012ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಮದ್ಯ ಸೇವಿಸಿದಾಗ ಎಂಡಾರ್ಫಿನ್ ಬಿಡುಗಡೆಯಾಗುವುದನ್ನು ಮನುಷ್ಯರ ಮಿದುಳಿನಲ್ಲೇ ತೋರಿಸಿದರು. ನೋರಾ ವೋಲ್ಕೋವ್ ಮತ್ತು ಸಂಗಡಿಗರು 1996ರಲ್ಲಿ, ಕುಡಿತದ ಅವಲಂಬನೆಯಿಂದ ಹೊರಬಂದವರ ಮಿದುಳಿನಲ್ಲಿ ಡೋಪಮೈನನ್ನು ಹಿಡಿದುಕೊಳ್ಳುವ ಡಿ2 ಗ್ರಾಹಿಗಳು ಉಳಿದವರಿಗಿಂತ ಕಡಿಮೆ ಇರುವುದನ್ನು ವರದಿ ಮಾಡಿದರು. ಗ್ರಾಹಿಗಳು ಕಡಿಮೆಯಾದರೆ ಮಕ್ಕಳ ಆಟ, ಒಳ್ಳೆಯ ಊಟ, ಗೆಳೆಯರ ಮಾತು ಮುಂತಾದ ದಿನನಿತ್ಯದ ಸಂತೋಷಗಳು ಮೊದಲಿನ ಹಾಗೆ ತಟ್ಟುವುದಿಲ್ಲವೆಂದು ಭಾವಿಸಲಾಗಿದೆ.

ಸಾಲ, ಸಂಸಾರ, ಅವಮಾನಗಳ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಅವೆಲ್ಲವೂ ಕೆಲಸ ಮಾಡುವುದು ಇದೇ ಕೋಶಗಳ ಮೂಲಕ. ದೀರ್ಘಕಾಲ ಕುಡಿದವರ ಮಿದುಳಿನಲ್ಲಿ ಭಯ, ಆತಂಕಗಳಿಗೆ ಸಂಬಂಧಿಸಿದ ಅಮಿಗ್ಡಲಾ ಮತ್ತು ಅದರ ಸುತ್ತಲಿನ ಭಾಗಗಳಲ್ಲಿ ಒತ್ತಡದ ರಾಸಾಯನಿಕಗಳು, ಮುಖ್ಯವಾಗಿ ಸಿಆರ್‌ಎಫ್ ಮತ್ತು ಡೈನಾರ್ಫಿನ್, ಅತಿಯಾಗಿ ಸಕ್ರಿಯವಾಗುತ್ತವೆ. ಚಟದ ಸಂಶೋಧಕ ಜಾರ್ಜ್ ಕೂಬ್ ಅವರು ದಶಕಗಳಿಂದ ಒತ್ತಿ ಹೇಳುತ್ತ ಬಂದಿರುವುದು ಇದನ್ನೇ: ಆರಂಭದಲ್ಲಿ ಮನುಷ್ಯ ಹಿತಕ್ಕಾಗಿ ಕುಡಿಯುತ್ತಾನೆ, ಕೊನೆಗೆ ಅಹಿತವನ್ನು ತಪ್ಪಿಸಿಕೊಳ್ಳಲು ಕುಡಿಯುತ್ತಾನೆ. ಮನೆಯಲ್ಲಿ ಒಂದು ಜಗಳವಾದರೆ ಕುಡಿತದ ಅವಲಂಬನೆ ಇಲ್ಲದವನಿಗೆ ಆಗುವ ಕಳವಳಕ್ಕಿಂತ ಬಹಳ ಹೆಚ್ಚಿನ ಕಳವಳ ಇಂಥವನಿಗೆ ಆಗುತ್ತದೆ, ಅದನ್ನು ತಗ್ಗಿಸುವ ಒಂದೇ ಉಪಾಯವಾಗಿ ಅವನ ಮಿದುಳು ಕಲಿತಿರುವುದು ಬಾಟಲಿಯನ್ನು.

ನಿವೃತ್ತ ಮೇಷ್ಟ್ರು

ಇಷ್ಟೆಲ್ಲ ಓದಿದ ಮೇಲೂ ನನ್ನ ಆಕ್ಷೇಪವೊಂದು ಉಳಿದಿದೆ. ಎಲ್ಲವೂ ಕೋಶಗಳ ಕೆಲಸ ಎಂದು ಹೇಳಿಬಿಟ್ಟರೆ ಕುಡಿಯುವವನಿಗೆ ಹೊಣೆಯೇ ಇರುವುದಿಲ್ಲ. ಹೆಂಡತಿಯ ತಾಳಿ ಅಡವಿಟ್ಟವನೂ ನನ್ನದೇನು ತಪ್ಪು, ಡೋಪಮೈನ್ ಹಾಗೆ ಮಾಡಿಸಿತು ಎಂದಾನು. ನಮ್ಮ ಊರಿನಲ್ಲಿ ದೇವರ ಮುಂದೆ ಪ್ರಮಾಣ ಮಾಡಿ ಒಂದೇ ದಿನದಲ್ಲಿ ಬಿಟ್ಟವರನ್ನು ನಾನೇ ಕಂಡಿದ್ದೇನೆ. ಅವರ ಮಿದುಳಿನಲ್ಲಿ ಕೋಶಗಳಿರಲಿಲ್ಲವೇ?

ಹುಬ್ಬಳ್ಳಿ ಮನೋವೈದ್ಯ

ಮೇಷ್ಟ್ರೇ, ಸಂಕಲ್ಪಕ್ಕೆ ಬೆಲೆಯಿಲ್ಲ ಎಂದು ಇಲ್ಲಿ ಯಾರೂ ಹೇಳಿಲ್ಲ. ಸಂಕಲ್ಪವೂ ಮಿದುಳಿನ ಕೆಲಸವೇ, ಹಣೆಯ ಹಿಂದಿನ ತೊಗಟೆ ಮಾಡುವ ಕೆಲಸ. ದೀರ್ಘಕಾಲದ ಕುಡಿತ ಆ ಭಾಗವನ್ನೂ ಅದರ ಸಂಪರ್ಕತಂತುಗಳನ್ನೂ ದುರ್ಬಲಗೊಳಿಸುತ್ತದೆ. ಅದೇ ಹೊತ್ತಿನಲ್ಲಿ, ರೂಢಿಯಾದ ಕೆಲಸಗಳನ್ನು ಯೋಚಿಸದೆಯೇ ನಡೆಸುವ, ಮಿದುಳಿನ ಒಳಗಿರುವ ಸ್ಟ್ರಯೇಟಮ್ ಎಂಬ ಭಾಗದ ಮೇಲ್ಭಾಗ ಕುಡಿತವನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಹೀಗಾಗಿ ಯಾವ ಶಕ್ತಿಯಿಂದ ಬಿಡಬೇಕೋ ಆ ಶಕ್ತಿಗೇ ಪೆಟ್ಟು ಬಿದ್ದಿರುತ್ತದೆ. ಪ್ರಮಾಣ ಮಾಡಿ ಬಿಟ್ಟವರು ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಪ್ರಮಾಣ ಮಾಡಿ ಮುರಿದು, ಆ ಪಾಪಪ್ರಜ್ಞೆಯಿಂದಲೇ ಇನ್ನಷ್ಟು ಕುಡಿದು, ಕೊನೆಗೆ ನನ್ನ ಬಳಿಗೆ ಬಂದವರು ಅವರಿಗಿಂತ ಹೆಚ್ಚು.

ಇನ್ನೊಂದು ಮಾತನ್ನು ಎಲ್ಲರೂ ಗಮನವಿಟ್ಟು ಓದಬೇಕು. ಪ್ರತಿದಿನ ಬಹಳವಾಗಿ ಕುಡಿಯುವವರು ವೈದ್ಯರ ನೆರವಿಲ್ಲದೆ ಒಂದೇ ದಿನಕ್ಕೆ ಪೂರ್ತಿ ನಿಲ್ಲಿಸುವುದು ಅಪಾಯಕಾರಿ, ಕೆಲವೊಮ್ಮೆ ಪ್ರಾಣಕ್ಕೇ ಕುತ್ತು.

ಶಿಬಿರದ ಗೆಳೆಯ

ವೈದ್ಯರು ಹೇಳಿದ್ದು ಅಕ್ಷರಶಃ ನಿಜ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳಲ್ಲಿ ನಾನು ಸ್ವಯಂಸೇವಕನಾಗಿ ಕೆಲಸ ಮಾಡಿದ್ದೇನೆ. ಮೊದಲ ಮೂರು ನಾಲ್ಕು ದಿನಗಳು ನಮಗೆ ಅತಿ ಎಚ್ಚರದ ದಿನಗಳು. ಕೈನಡುಕ, ಬೆವರು, ನಿದ್ದೆಯಿಲ್ಲದಿರುವುದು ಬಹುತೇಕರಲ್ಲಿ ಕಾಣುತ್ತದೆ. ಕೆಲವರಿಗೆ ಗೋಡೆಯ ಮೇಲೆ ಹುಳುಗಳು ಹರಿದಾಡಿದಂತೆ ಕಾಣುತ್ತದೆ. ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಕಳುಹಿಸುತ್ತೇವೆ. ಇವರ ಶರೀರದಲ್ಲಿ ಆಗುವುದೇನು ಎಂದು ಸರಳವಾಗಿ ತಿಳಿಸಿದರೆ ನಮ್ಮ ಕಾರ್ಯಕರ್ತರಿಗೂ ಓದಿ ಹೇಳುತ್ತೇನೆ.

ಹುಬ್ಬಳ್ಳಿ ಮನೋವೈದ್ಯ

ಖಂಡಿತ. ಮದ್ಯ ಮಿದುಳಿನ ಎರಡು ದೊಡ್ಡ ವ್ಯವಸ್ಥೆಗಳನ್ನು ಏಕಕಾಲಕ್ಕೆ ಮುಟ್ಟುತ್ತದೆ. ನರಕೋಶಗಳನ್ನು ಶಾಂತಗೊಳಿಸುವ ಗಾಬಾ ರಾಸಾಯನಿಕದ ಪರಿಣಾಮವನ್ನು ಹೆಚ್ಚಿಸುತ್ತದೆ, ಅವುಗಳನ್ನು ಉದ್ದೀಪಿಸುವ ಗ್ಲುಟಮೇಟ್ ರಾಸಾಯನಿಕದ ಎನ್‌ಎಂಡಿಎ ಗ್ರಾಹಿಗಳನ್ನು ತಡೆಯುತ್ತದೆ. ಈ ಎರಡನೆಯದನ್ನು 1989ರಲ್ಲಿ ಲವಿಂಜರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಪ್ರಮಾಣ ಎಷ್ಟೆಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ನಮ್ಮಲ್ಲಿ ಮಾರುವ ಶೇಕಡಾ 42.8ರ ವಿಸ್ಕಿ, ರಮ್, ಬ್ರಾಂದಿಗಳ ಒಂದು ನೈಂಟಿಯಲ್ಲಿ, ಅಂದರೆ 90 ಮಿಲಿಲೀಟರಿನಲ್ಲಿ, ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 60 ಕೆಜಿ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಅದನ್ನು ಒಮ್ಮೆಗೇ ಕುಡಿದರೆ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 70 ಮಿಲಿಗ್ರಾಂ ತಲುಪಬಹುದು. ವಾಹನ ಚಾಲಕರಿಗೆ ಕಾನೂನು ಹಾಕಿರುವ ಮಿತಿ 30 ಮಿಲಿಗ್ರಾಂ. ಗ್ಲುಟಮೇಟ್ ಗ್ರಾಹಿಗಳ ಮೇಲೆ ಪರಿಣಾಮ ಕಾಣಲು ಒಂದು ನೈಂಟಿಯೇ ಸಾಕು.

ಇದು ಪ್ರತಿದಿನ ನಡೆದರೆ ನರಕೋಶಗಳು ಸುಮ್ಮನೆ ಕೂರುವುದಿಲ್ಲ. ಗಾಬಾ ಗ್ರಾಹಿಗಳ ಸ್ಪಂದನವನ್ನು ತಗ್ಗಿಸಿಕೊಳ್ಳುತ್ತವೆ, ಗ್ಲುಟಮೇಟ್ ಗ್ರಾಹಿಗಳನ್ನು ಹೆಚ್ಚಿಸಿಕೊಳ್ಳುತ್ತವೆ. ಜಾತ್ರೆಯ ಹಗ್ಗಜಗ್ಗಾಟದಲ್ಲಿ ಎದುರಿನವರು ಬಲವಾಗಿ ಎಳೆದಷ್ಟೂ ಈ ಕಡೆಯವರು ಹಿಂದಕ್ಕೆ ಬಾಗಿ ಎಳೆಯುತ್ತಾರೆ, ಎದುರಿನವರು ಹಠಾತ್ತನೆ ಹಗ್ಗ ಬಿಟ್ಟರೆ ಇವರು ಅಂಗಾತ ಬೀಳುತ್ತಾರೆ. ಮದ್ಯ ಒಮ್ಮೆಲೇ ನಿಂತಾಗ ಆಗುವುದೂ ಹೀಗೆಯೇ. ಶಾಂತಗೊಳಿಸುವ ಶಕ್ತಿ ಕುಗ್ಗಿ, ಕೆರಳಿಸುವ ಶಕ್ತಿ ಹಿಗ್ಗಿರುವ ಮಿದುಳು ಬಯಲಿಗೆ ಬರುತ್ತದೆ. ಕೊನೆಯ ಸಲ ಕುಡಿದ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಗಳ ನಡುವೆ ಡೆಲಿರಿಯಮ್ ಟ್ರೆಮೆನ್ಸ್ ಎಂಬ ತೀವ್ರ ಸನ್ನಿ ಕಾಣಿಸಿಕೊಳ್ಳಬಹುದು. ಶಿಬಿರದ ಗೆಳೆಯರು ಹೇಳಿದ ಹುಳುಗಳು ಇಂಥ ಅಪಾಯದ ಮುನ್ಸೂಚನೆ. ಬೆಂಜೊಡೈಯಜಪೀನ್ ಗುಂಪಿನ ಔಷಧಿಗಳು ಗಾಬಾ ವ್ಯವಸ್ಥೆಯನ್ನೇ ಆಸರೆಯಾಗಿ ಹಿಡಿದು ಈ ಬೀಳುವಿಕೆಯನ್ನು ನಿಧಾನಗೊಳಿಸುತ್ತವೆ. ಅವುಗಳನ್ನು ವೈದ್ಯರೇ ಕೊಡಬೇಕು, ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ಬಯಲುಸೀಮೆ

2020ರ ಲಾಕ್‌ಡೌನ್‌ನಲ್ಲಿ ನಮ್ಮ ತಾಲ್ಲೂಕಿನಲ್ಲಿ ಆದದ್ದು ಇದೇ ಎಂದು ಈಗ ಅರ್ಥವಾಗುತ್ತಿದೆ. ಮಾರ್ಚ್ ಕೊನೆಯಲ್ಲಿ ಅಂಗಡಿಗಳು ಮುಚ್ಚಿದ ಮೂರನೆಯ ದಿನ ನಮ್ಮ ಬೀದಿಯವರೊಬ್ಬರು ಫಿಟ್ಸ್ ಬಂದು ಬಿದ್ದರು. ಅವರಿಗೆ ಹಿಂದೆಂದೂ ಫಿಟ್ಸ್ ಇರಲಿಲ್ಲ. ಕೊರೋನಾ ತಲೆಗೇರಿದೆ ಎಂದು ಹೆದರಿ ಹತ್ತಿರ ಹೋಗಲು ಯಾರೂ ಮುಂದಾಗಲಿಲ್ಲ.

ಹುಬ್ಬಳ್ಳಿ ಮನೋವೈದ್ಯ

ಅವು ನಾವೆಲ್ಲ ಕಷ್ಟಪಟ್ಟ ವಾರಗಳು. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಆ ದಿನಗಳಲ್ಲಿ ಫಿಟ್ಸ್, ಸನ್ನಿಗಳಂಥ ತೀವ್ರ ವಿತ್‌ಡ್ರಾಯಲ್, ಅಂದರೆ ಕುಡಿತ ಹಠಾತ್ತನೆ ನಿಂತಾಗ ಬರುವ ತೊಂದರೆಗಳ, ಪ್ರಕರಣಗಳು ಹೆಚ್ಚಾದದ್ದನ್ನು ನಿಮ್ಹಾನ್ಸ್‌ನ ವೈದ್ಯರು ಅದೇ ವರ್ಷ ಪ್ರಕಟಿಸಿದರು. ಮೇ 4ರಂದು ರಾಜ್ಯದಲ್ಲಿ ಅಂಗಡಿಗಳು ತೆರೆದಾಗ ಕಂಡ ಸಾಲುಗಳನ್ನು ಜನ ನಗೆಚಾಟಿಕೆಗೆ ಬಳಸಿದರು. ಆ ಸಾಲಿನಲ್ಲಿ ನಿಂತಿದ್ದವರಲ್ಲಿ ಕೆಲವರು ಕೈನಡುಕದಿಂದ ಲೋಟ ಹಿಡಿಯಲೂ ಆಗದ ರೋಗಿಗಳಾಗಿದ್ದರು ಎಂಬುದು ನನಗೆ ಇಂದಿಗೂ ನೋವು ಕೊಡುತ್ತದೆ. ಅಂಗಡಿ ಮುಚ್ಚುವ ನಿರ್ಧಾರ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಮುಚ್ಚುವಾಗ ಈ ರೋಗಿಗಳಿಗೆ ಔಷಧದ ವ್ಯವಸ್ಥೆಯನ್ನೂ ಜೊತೆಗೇ ಯೋಚಿಸಬೇಕಾಗಿತ್ತು.

ಕಾಲೇಜು ಹುಡುಗ

ನನ್ನದೊಂದು ಪ್ರಶ್ನೆ. ನಮ್ಮ ತಂದೆಯವರಿಗೆ ಕುಡಿತದ ಸಮಸ್ಯೆ ಇತ್ತು. ಗೆಳೆಯರ ಜೊತೆ ಕೂತಾಗ ಉಳಿದವರು ಎರಡು ಬಿಯರ್‌ಗೇ ತೂರಾಡಿದರೂ ನನಗೆ ಏನೂ ಆಗುವುದಿಲ್ಲ. ನಿನ್ನ ಕೆಪಾಸಿಟಿಯೇ ಬೇರೆ ಎಂದು ಎಲ್ಲರೂ ಹೊಗಳುತ್ತಾರೆ. ಹಾಗಾದರೆ ನನ್ನ ನರಕೋಶಗಳು ಮದ್ಯವನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ ಎಂದು ಅರ್ಥವೇ?

ನರಲೋಕ

ತಮ್ಮಾ, ಆ ಹೊಗಳಿಕೆಯನ್ನು ದಯವಿಟ್ಟು ನಂಬಬೇಡ. ಅಮೆರಿಕದ ಮಾರ್ಕ್ ಶುಕಿಟ್ ಎಂಬ ಮನೋವೈದ್ಯರು ಕುಡಿತದ ಅವಲಂಬನೆಯಿದ್ದ ತಂದೆಯರ ಗಂಡುಮಕ್ಕಳಿಗೆ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ನಿಗದಿತ ಪ್ರಮಾಣದ ಮದ್ಯ ಕೊಟ್ಟು ಪರೀಕ್ಷಿಸಿದರು. ಅವರಲ್ಲಿ ಅನೇಕರಿಗೆ ಉಳಿದವರಿಗಿಂತ ಕಡಿಮೆ ಅಮಲೇರಿತು. ವರ್ಷಗಳ ನಂತರ ಮತ್ತೆ ಹುಡುಕಿ ನೋಡಿದಾಗ, ಕಡಿಮೆ ಅಮಲೇರಿದ್ದವರಲ್ಲೇ ಕುಡಿತದ ಕಾಯಿಲೆ ಹೆಚ್ಚಾಗಿ ಕಂಡಿತು. ಸಾಕೆಂದು ಹೇಳುವ ಎಚ್ಚರಿಕೆ ಮಿದುಳಿನಿಂದ ತಡವಾಗಿ ಬಂದರೆ ಮನುಷ್ಯ ಹೆಚ್ಚು ಕುಡಿಯುತ್ತಾನೆ, ಹೆಚ್ಚು ಕುಡಿದಷ್ಟೂ ಕೋಶಗಳು ಹೆಚ್ಚು ಒಗ್ಗಿಕೊಳ್ಳುತ್ತವೆ. ಈ ಕಾಯಿಲೆಯ ಸಾಧ್ಯತೆಯಲ್ಲಿ ಸುಮಾರು ಅರ್ಧದಷ್ಟು ಪಾಲು ವಂಶವಾಹಿಗಳದ್ದೆಂದು ಅವಳಿ ಮಕ್ಕಳ ಅಧ್ಯಯನಗಳು ಅಂದಾಜಿಸಿವೆ. ಉಳಿದರ್ಧ ನಿನ್ನ ಪರಿಸರದ್ದು, ನಿನ್ನ ಆಯ್ಕೆಗಳದ್ದು.

ವಯಸ್ಸೂ ಮುಖ್ಯ. ಹಣೆಯ ಹಿಂದಿನ ತೊಗಟೆ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಪ್ರತಿಫಲ ಮಾರ್ಗ ಅದಕ್ಕಿಂತ ಮೊದಲೇ ಚುರುಕಾಗಿರುತ್ತದೆ. 650 ಮಿಲಿಲೀಟರಿನ ಸ್ಟ್ರಾಂಗ್ ಬಿಯರ್ ಬಾಟಲಿಯೊಂದರಲ್ಲಿ, ಶೇಕಡಾ 8ರ ಲೆಕ್ಕದಲ್ಲಿ, 41 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದು ಡಾಕ್ಟರು ಹೇಳಿದ ನೈಂಟಿಗಿಂತಲೂ ಹೆಚ್ಚು.

ಕಾಲೇಜು ಹುಡುಗ

ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಧನ್ಯವಾದಗಳು ಅಣ್ಣ.

ಔಷಧದಂಗಡಿ

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಔಷಧದಂಗಡಿ ನಡೆಸುತ್ತಿದ್ದೇನೆ. ಕುಡಿತ ಬಿಡಿಸುವ ಮಾತ್ರೆ ಕೊಡಿ, ಸಾರಿನಲ್ಲಿ ಬೆರೆಸಿ ಗೊತ್ತಾಗದ ಹಾಗೆ ಕೊಡುತ್ತೇವೆ ಎಂದು ಕೇಳಿಕೊಂಡು ಬರುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ಅವರ ಸಂಕಟ ಕಂಡು ಕರುಳು ಚುರುಕ್ ಎನ್ನುತ್ತದೆ, ಆದರೆ ನಾನು ಕೊಡುವುದಿಲ್ಲ. ಅವರು ಕೇಳುವುದು ಡೈಸಲ್ಫಿರಾಮ್. ಮದ್ಯ ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ, ಆ ವಿಷವನ್ನು ಮುಂದಕ್ಕೆ ಒಡೆಯುವ ಕಿಣ್ವವನ್ನು ಈ ಮಾತ್ರೆ ತಡೆಯುತ್ತದೆ. ಇದನ್ನು ನುಂಗಿದವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ತಾನು ಮಾತ್ರೆ ನುಂಗಿದ್ದೇನೆ ಎಂದೇ ತಿಳಿಯದವನು ಒಂದು ಕ್ವಾರ್ಟರ್ ಏರಿಸಿದರೆ ಪ್ರಾಣವೇ ಹೋಗಬಹುದು. ಈ ಮಾತ್ರೆ ಮುಖ್ಯವಾಗಿ ಕೆಲಸ ಮಾಡುವುದು ಹೆದರಿಕೆಯ ಮೂಲಕ. ಮಿದುಳಿನಲ್ಲೇ ಆಸೆಯನ್ನು ತಗ್ಗಿಸುವ ಔಷಧಿಗಳ ವಿಚಾರವನ್ನು ಡಾಕ್ಟರು ತಿಳಿಸಿದರೆ ಒಳ್ಳೆಯದು.

ಹುಬ್ಬಳ್ಳಿ ಮನೋವೈದ್ಯ

ನಿಮ್ಮಂಥ ಅಂಗಡಿಯವರು ಪ್ರತಿ ಊರಿನಲ್ಲೂ ಇರಬೇಕು ಸರ್. ಡೈಸಲ್ಫಿರಾಮನ್ನು ರೋಗಿಗೆ ತಿಳಿಸಿ, ಅವರ ಒಪ್ಪಿಗೆಯ ಮೇಲೆ ಮಾತ್ರ ಕೊಡಬೇಕು. ಹಾಗೆ ಕೊಟ್ಟು ಮನೆಯವರ ಮುಂದೆ ನುಂಗಿಸಿದಾಗ ಅದರಿಂದ ಉಪಯೋಗವಾದವರಿದ್ದಾರೆ.

ಪ್ರತಿಫಲ ಮಾರ್ಗದ ಮೇಲೆ ನೇರವಾಗಿ ಕೆಲಸ ಮಾಡುವುದು ನಾಲ್ಟ್ರೆಕ್ಸೋನ್. ನರಲೋಕ ಅವರು ಮೇಲೆ ವಿವರಿಸಿದ ಎಂಡಾರ್ಫಿನ್ ಹೆಜ್ಜೆಯನ್ನು ಇದು ತಡೆಯುತ್ತದೆ. ಎಂಡಾರ್ಫಿನ್ ತನ್ನ ಗ್ರಾಹಿಯನ್ನು ಹಿಡಿಯಲಾರದೆ ಹೋದರೆ ಗಾಬಾ ಕೋಶಗಳು ಬಾಯಿ ಮುಚ್ಚುವುದಿಲ್ಲ, ಡೋಪಮೈನ್ ಅಷ್ಟಾಗಿ ಏರುವುದಿಲ್ಲ. ಅಮೆರಿಕದಲ್ಲಿ ಕುಡಿತದ ಚಿಕಿತ್ಸೆಗೆ ಇದಕ್ಕೆ ಅನುಮತಿ ಸಿಕ್ಕಿದ್ದು 1994ರಲ್ಲಿ. ಅಕಾಂಪ್ರೊಸೇಟ್ ಎಂಬ ಇನ್ನೊಂದು ಔಷಧ ಕೆರಳಿದ ಗ್ಲುಟಮೇಟ್ ವ್ಯವಸ್ಥೆಯನ್ನು ಹದಕ್ಕೆ ತರುತ್ತದೆ ಎಂದು ಭಾವಿಸಲಾಗಿದೆ. ಅದು ಬಿಟ್ಟವರು ಬಿಟ್ಟೇ ಇರಲು ನೆರವಾಗುತ್ತದೆ. ಎರಡೂ ಭಾರತದಲ್ಲಿ ಸಿಗುತ್ತವೆ. ಇವು ಎಲ್ಲರಿಗೂ ಫಲಿಸುವುದಿಲ್ಲ, ಫಲಿಸಿದವರಲ್ಲೂ ಮಧ್ಯಮ ಮಟ್ಟದ ಪರಿಣಾಮವೇ ಹೆಚ್ಚು. ಆದರೂ ಇಂಥ ಔಷಧಿಗಳಿವೆ ಎಂಬುದೇ ತಿಳಿಯದೆ ವರ್ಷಗಟ್ಟಲೆ ಪೂಜೆ, ಹರಕೆ, ಗುಟ್ಟಿನ ಪುಡಿಗಳಲ್ಲಿ ಹಣ ಕಳೆದುಕೊಳ್ಳುವ ಕುಟುಂಬಗಳನ್ನು ಕಂಡಾಗ ನನಗೆ ಸಿಟ್ಟೂ ದುಃಖವೂ ಬರುತ್ತದೆ. ದೇಶದ 10ರಿಂದ 75 ವರ್ಷ ವಯಸ್ಸಿನವರಲ್ಲಿ ಶೇಕಡಾ 14.6 ಮಂದಿ ಮದ್ಯ ಸೇವಿಸುತ್ತಾರೆ ಎಂದು ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಹೇಳುತ್ತದೆ. ಇಷ್ಟು ದೊಡ್ಡ ಸಂಖ್ಯೆಯ ಮುಂದೆ ಈ ಮಾಹಿತಿ ತಲುಪಿರುವುದು ತೀರ ಕಡಿಮೆ ಮಂದಿಗೆ.

ಪುರಾವೆ ಕೊಡಿ

ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್‌ನಿಂದ ಕುಡಿತದ ಆಸೆ ಕಡಿಮೆಯಾಗುತ್ತದೆ ಎಂಬ ಸುದ್ದಿ ಓದಿದೆ. ಅದು ನಿಜವೇ?

ನರಲೋಕ

2025ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಕಡಿಮೆ ಪ್ರಮಾಣದ ಸೆಮಾಗ್ಲುಟೈಡ್ ಪಡೆದವರಲ್ಲಿ ಕುಡಿಯುವ ಬಯಕೆ ಮತ್ತು ಕುಡಿಯುವ ದಿನಗಳಲ್ಲಿ ಕುಡಿದ ಪ್ರಮಾಣ ಇಳಿದದ್ದು ಕಂಡಿತು. ಆದರೆ ಅಷ್ಟು ಚಿಕ್ಕ ಪ್ರಯೋಗವನ್ನು ನಂಬಿ ಯಾರೂ ತಾವಾಗಿ ಇಂಜೆಕ್ಷನ್ ಕೊಳ್ಳಬಾರದು.

ತುಂಗೆಯ ದಡ

ಎಲ್ಲರಿಗೂ ಕೃತಜ್ಞತೆಗಳು. ಇಲ್ಲಿನ ಉತ್ತರಗಳಲ್ಲಿ ಕೆಲವನ್ನು ಅಣ್ಣನಿಗೆ ಓದಿ ಹೇಳಿದೆ. ಮಿದುಳು ಮುಗಿದಿಲ್ಲ ಎಂಬ ಮಾತನ್ನು ಅವನು ಎರಡು ಸಲ ಓದಿಸಿಕೊಂಡ. ಹಾಗಾದರೆ ಬಿಟ್ಟ ಮೇಲೆ ಎಷ್ಟು ಸರಿಯಾಗುತ್ತದೆ ಎಂದು ಕೇಳುತ್ತಿದ್ದಾನೆ. ವೈದ್ಯರನ್ನು ನೋಡಲೂ ಒಪ್ಪಿದ್ದಾನೆ. ಅವನಿಗೆ ಸೊಂಟದ ನೋವಿಗೆ ಆಗಾಗ ಮಾತ್ರೆ ತೆಗೆದುಕೊಳ್ಳುವ ರೂಢಿಯಿದೆ, ಅದರಿಂದ ಏನಾದರೂ ತೊಂದರೆಯಾಗುತ್ತದೆಯೇ?

ಹೊಸ ದಾರಿ

ಅಕ್ಕ, ನನ್ನ ಅನುಭವವನ್ನು ಅವರಿಗೆ ತಿಳಿಸಿ. ಬಿಟ್ಟ ಮೊದಲ ತಿಂಗಳುಗಳಲ್ಲಿ ನನಗೆ ಯಾವುದರಲ್ಲೂ ರುಚಿಯಿರಲಿಲ್ಲ. ಮಗಳು ಬಹುಮಾನ ತಂದು ತೋರಿಸಿದಾಗಲೂ ಒಳಗೆ ಏನೂ ಆಗಲಿಲ್ಲ, ಅದು ನನ್ನನ್ನು ಬಹಳ ಹೆದರಿಸಿತು. ಅದು ನನ್ನ ಸ್ವಭಾವವಲ್ಲ, ಮಿದುಳು ಇನ್ನೂ ಹದಕ್ಕೆ ಬಂದಿಲ್ಲ, ಕಾಯಬೇಕು ಎಂದು ನನ್ನ ವೈದ್ಯರು ಆಗ ಹೇಳಿದ್ದರಿಂದಲೇ ನಾನು ಮತ್ತೆ ಬಾಟಲಿ ಹಿಡಿಯಲಿಲ್ಲ. ನಿಧಾನವಾಗಿ, ನನಗೇ ತಿಳಿಯದ ಹಾಗೆ, ರುಚಿ ಮರಳಿತು.

ಹುಬ್ಬಳ್ಳಿ ಮನೋವೈದ್ಯ

ತಂಗಿ, ಕುಗ್ಗಿದ ಮಿದುಳಿನ ಗಾತ್ರ ಮದ್ಯ ಬಿಟ್ಟ ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳಲು ಆರಂಭಿಸುವುದನ್ನು ಎಂಆರ್‌ಐ ಅಧ್ಯಯನಗಳು ತೋರಿಸಿವೆ. ಬಿಳಿ ಭಾಗದ ಚೇತರಿಕೆ ತಿಂಗಳುಗಟ್ಟಲೆ ಮುಂದುವರಿಯುತ್ತದೆ. ಗಮನ, ನೆನಪು, ಯೋಜನಾಶಕ್ತಿಗಳು ಅನೇಕರಲ್ಲಿ ಸುಧಾರಿಸುತ್ತವೆ, ವಯಸ್ಸಾದವರಲ್ಲಿ ಅದು ನಿಧಾನ. ಎಲ್ಲಕ್ಕಿಂತ ಕೊನೆಗೆ ಮಾಸುವುದು ಸೂಚನೆಗಳಿಗೆ ಸ್ಪಂದಿಸುವ ಕಲಿಕೆ. ಆದ್ದರಿಂದ ಮೊದಲ ವರ್ಷ ಹಳೆಯ ಗೆಳೆಯರ ಕೂಟ, ಹಳೆಯ ರಸ್ತೆ, ಸಂಬಳದ ದಿನ ಕೈಯಲ್ಲಿ ನಗದು ಇವುಗಳನ್ನು ಮೊದಲೇ ಯೋಚಿಸಿ ತಪ್ಪಿಸಬೇಕು. ಒಮ್ಮೆ ಜಾರಿದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು, ಮನೆಯವರು ಅದಕ್ಕಾಗಿ ಹಂಗಿಸಬಾರದು.

ನೋವಿನ ಮಾತ್ರೆಯ ವಿಷಯ ನೀವು ಕೇಳಿದ್ದು ಒಳ್ಳೆಯದಾಯಿತು. ಟ್ರಮಡಾಲ್‌ನಂಥ ಅಫೀಮು ಜಾತಿಯ ನೋವುನಿವಾರಕಗಳನ್ನು ಸೇವಿಸುತ್ತಿರುವವರಿಗೆ ನಾಲ್ಟ್ರೆಕ್ಸೋನ್ ಕೊಟ್ಟರೆ ತೀವ್ರ ತೊಂದರೆಯಾಗುತ್ತದೆ. ಪ್ಯಾರಾಸಿಟಮಾಲ್ ಕೂಡ ಕುಡಿಯುವವರ ಯಕೃತ್ತಿಗೆ ಒಳ್ಳೆಯದಲ್ಲ. ನಾಲ್ಟ್ರೆಕ್ಸೋನ್ ಆರಂಭಿಸುವ ಮುನ್ನ ಯಕೃತ್ತಿನ ರಕ್ತಪರೀಕ್ಷೆ ಬೇಕಾಗುತ್ತದೆ. ಹತ್ತಿರದಲ್ಲಿ ಯಾರನ್ನು ಕಾಣಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್‌ನ 14416 ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. ಅಲ್ಲಿಯವರೆಗೆ ಅವರು ಒಂದೇ ದಿನಕ್ಕೆ ಪೂರ್ತಿ ನಿಲ್ಲಿಸುವುದು ಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡಲಿ. ವೈದ್ಯರ ಬಳಿಗೆ ಹೋಗುವಾಗ ಅವರು ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ, ಖಾಲಿಯಾದ ಸ್ಟ್ರಿಪ್‌ಗಳಿದ್ದರೆ ಅವನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.